ತಲೆಗೆ ಗ್ರೋತ್ ಫ್ಯಾಕ್ಟರ್ ಚುಚ್ಚಿಸಿಕೊಳ್ಳುವ ಮೊದಲು ಓದಿ

"ಸಾರ್, ಗ್ರೋತ್ ಫ್ಯಾಕ್ಟರ್ ಹಾಕಿಸಿದ್ರೆ ಕೂದಲು ಬರುತ್ತಾ?"

ಈ ಪ್ರಶ್ನೆ ವಾರಕ್ಕೆ ಮೂರು ಸಲವಾದರೂ ನನಗೆ ಬರುತ್ತದೆ. ಕೇಳುವವರಲ್ಲಿ ಹೆಣ್ಣು ನೋಡುತ್ತಿರುವ ಮದ್ದೂರಿನ ಹುಡುಗರಿದ್ದಾರೆ. ಬಾಣಂತನ ಮುಗಿಸಿದ ತಾಯಂದಿರಿದ್ದಾರೆ. ಡೆಂಗಿ ಬಂದು ಎದ್ದವರಿದ್ದಾರೆ. ಎಲ್ಲರಿಗೂ ಯಾರೋ ಒಂದು ಪ್ಯಾಕೇಜ್ ಹೇಳಿರುತ್ತಾರೆ: ಹೆಚ್ಚಾಗಿ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಭಾಗವನ್ನು ತಲೆಗೆ ಚುಚ್ಚುವ ಚಿಕಿತ್ಸೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು.

ಒಂದು ಮಾತು ಮೊದಲೇ ಹೇಳುತ್ತೇನೆ. ನಾನು ಡಾಕ್ಟರಲ್ಲ. ಮೈಸೂರಿನ ಲ್ಯಾಬುಗಳಲ್ಲಿ ಇಪ್ಪತ್ತು ವರ್ಷ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ರಿಪೋರ್ಟ್ ಬರೆದವನು. ಹಾಗಾಗಿ ರಕ್ತದ ಭಾಗ ಸ್ವಲ್ಪ ಜಾಸ್ತಿ ಇರುತ್ತದೆ, ಸಹಿಸಿಕೊಳ್ಳಿ. ನಿಮ್ಮ ತಲೆಗೆ ಏನು ಬೇಕು ಅನ್ನುವ ತೀರ್ಮಾನ ಚರ್ಮರೋಗ ತಜ್ಞರದ್ದು. ಅವರ ಮುಂದೆ ಏನು ಕೇಳಬೇಕು, ಎಲ್ಲಿ ಮೋಸ ಹೋಗಬಾರದು ಅನ್ನುವುದಷ್ಟೇ ಈ ಬರಹ.

ಕೈಯಲ್ಲಿ ಇರಬೇಕಾದದ್ದು ಇಷ್ಟು: ಒಂದು ನೋಟ್‌ಬುಕ್, ಫೋಟೋ ತೆಗೆಯುವ ಫೋನು, ಕಳೆದ ಒಂದು ವರ್ಷದ ರಕ್ತದ ರಿಪೋರ್ಟುಗಳು, ನೀವು ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ. ಜೊತೆಗೆ ಆರು ತಿಂಗಳ ತಾಳ್ಮೆ. ಆರು ವಾರದಲ್ಲಿ ಫಲ ಬೇಕು ಅನ್ನುವವರಿಗೆ ಈ ದಾರಿಯೇ ಸರಿಹೋಗುವುದಿಲ್ಲ.

ಗ್ರೋತ್ ಫ್ಯಾಕ್ಟರ್ ಅಂದರೆ ಗೊಬ್ಬರ ಅಂದುಕೊಂಡಿದ್ದರೆ

ಹೆಸರೇ ದಾರಿ ತಪ್ಪಿಸುತ್ತದೆ. 'ಗ್ರೋತ್' ಅಂತ ಇದೆ, ಹಾಕಿದಷ್ಟೂ ಬೆಳೆಯುತ್ತದೆ ಅಂತ ಜನ ತಿಳಿಯುತ್ತಾರೆ. ಇವು ನಮ್ಮ ಮೈಯ ಜೀವಕೋಶಗಳು ಒಂದಕ್ಕೊಂದು ಹೇಳಿ ಕಳಿಸುವ ಸಂದೇಶಗಳು. ಸಣ್ಣ ಸಣ್ಣ ಪ್ರೋಟೀನುಗಳು. ನಾಲೆ ಕಡೆಯ ಊರಿನವರಿಗೆ ನೀರುಗಂಟಿ ಗೊತ್ತಲ್ಲ? ಅವನು ನೀರು ತರುವವನಲ್ಲ. ಯಾವ ತೂಬು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು ಅಂತ ನೋಡುವವನು. ಗ್ರೋತ್ ಫ್ಯಾಕ್ಟರ್ ಕೆಲಸವೂ ಹಾಗೇ. ತೂಬು ಎತ್ತು ಅನ್ನುವವೂ ಇವೆ, ಮುಚ್ಚು ಅನ್ನುವವೂ ಇವೆ.

ಕೂದಲಿನ ಲೆಕ್ಕ ಮಂಡ್ಯದವರಿಗೆ ಹೇಳುವುದು ಸುಲಭ. ಕಬ್ಬು ಕಡಿದ ಮೇಲೆ ಬುಡ ಹಾಗೇ ಇರುತ್ತದೆ, ಅದೇ ಬುಡದಿಂದ ಕೂಳೆ ಬರುತ್ತದೆ. ಕೂದಲೂ ಅಷ್ಟೆ. ನೆತ್ತಿಯ ಚರ್ಮದಲ್ಲಿ ಸುಮಾರು ಒಂದು ಲಕ್ಷ ಬುಡಗಳಿವೆ. ಒಂದೊಂದು ಬುಡವೂ 2ರಿಂದ 6 ವರ್ಷ ಕೂದಲು ಬೆಳೆಸುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರದಲ್ಲಿ ಕೆಲಸ ನಿಲ್ಲಿಸುತ್ತದೆ. ಮೂರು ತಿಂಗಳು ಸುಮ್ಮನಿರುತ್ತದೆ. ಹಳೆಯ ಕೂದಲು ಬೀಳುತ್ತದೆ, ಅದೇ ಬುಡದಿಂದ ಹೊಸದು ಬರುತ್ತದೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಬೀಳುವುದು ಎಲ್ಲರ ಮನೆಯ ಕಥೆ.

ಬುಡದ ತಳದಲ್ಲಿ ಡರ್ಮಲ್ ಪ್ಯಾಪಿಲ್ಲಾ ಅನ್ನುವ ಪುಟ್ಟ ಗುಬಟು ಇರುತ್ತದೆ. ಆಜ್ಞೆ ಹೆಚ್ಚಾಗಿ ಹೊರಡುವುದು ಅಲ್ಲಿಂದ. ಐಜಿಎಫ್-1 ಮತ್ತು ಎಫ್‌ಜಿಎಫ್-7 ಅನ್ನುವವು "ಬೆಳೆಸುತ್ತಿರು" ಅನ್ನುತ್ತವೆ. ವಿಇಜಿಎಫ್ ಬುಡದ ಸುತ್ತ ರಕ್ತನಾಳ ಹಬ್ಬಿಸುತ್ತದೆ. ಎಫ್‌ಜಿಎಫ್-5 "ಸಾಕು, ನಿಲ್ಲಿಸು" ಅನ್ನುತ್ತದೆ. ಈ ಎಫ್‌ಜಿಎಫ್-5 ಕೆಟ್ಟುಹೋದ ಇಲಿ, ಬೆಕ್ಕು, ನಾಯಿಗಳಿಗೆ ಕೂದಲು ಉದ್ದುದ್ದ ಬೆಳೆಯುತ್ತದೆ, ಯಾಕೆಂದರೆ ನಿಲ್ಲಿಸು ಅನ್ನುವವರೇ ಇಲ್ಲ. ಟಿಜಿಎಫ್-ಬೀಟಾ ಅನ್ನುವುದೂ ನಿಲ್ಲಿಸುವ ಪೈಕಿ.

ಇನ್ನೊಂದು ತಮಾಷೆ ನೋಡಿ. ಇಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರ್ ಬಹಳ ಹೆಸರುವಾಸಿ. ಗ್ರೋತ್ ಫ್ಯಾಕ್ಟರುಗಳನ್ನು ಕಂಡುಹಿಡಿದದ್ದಕ್ಕೇ 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ ನೊಬೆಲ್ ಬಂತು. ಇಜಿಎಫ್ ಕೋಹೆನ್ ಅವರ ಶೋಧ. ಆಸ್ಟ್ರೇಲಿಯಾದವರು ಅದನ್ನು ಕುರಿಗೆ ಚುಚ್ಚಿದರು. ಉಣ್ಣೆ ಬೆಳೆಯಲಿ ಅಂತಲ್ಲ, ಕತ್ತರಿಯೇ ಇಲ್ಲದೆ ಉಣ್ಣೆ ತಾನಾಗಿ ಕಳಚಿ ಬರಲಿ ಅಂತ! (ನಮ್ಮ ಬಂಡೂರು ಕುರಿಗೆ ಉಣ್ಣೆಗಾಗಿ ಯಾರೂ ಕೈಹಾಕುವುದಿಲ್ಲ, ಅದರ ಗಿರಾಕಿಗಳೇ ಬೇರೆ.) ಹೆಸರಿನಲ್ಲಿ 'ಗ್ರೋತ್' ಇದ್ದ ಮಾತ್ರಕ್ಕೆ ಕೂದಲು ಬರಬೇಕು ಅಂತೇನಿಲ್ಲ. ಯಾವ ಸಂದೇಶ, ಎಷ್ಟು, ಯಾವ ಹೊತ್ತಿನಲ್ಲಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಈಗ ಹಂತಗಳಿಗೆ ಬರೋಣ.

ಹಂತ 1: ಯಾವ ಬಗೆಯ ಉದುರುವಿಕೆ ಅಂತ ಗುರುತಿಸಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಜನ ಇದನ್ನೇ ಹಾರಿಬಿಡುತ್ತಾರೆ.

ನೋಟ್‌ಬುಕ್ ತೆಗೆದು ಮೂರು ವಿಷಯ ಬರೆಯಿರಿ. ಉದುರುವುದು ಯಾವಾಗ ಶುರುವಾಯಿತು? ಅದಕ್ಕೆ ಎರಡು ಮೂರು ತಿಂಗಳು ಹಿಂದೆ ಮೈಗೆ ಏನಾದರೂ ಆಗಿತ್ತಾ? ತಲೆಯ ಯಾವ ಭಾಗದಲ್ಲಿ ತೆಳುವಾಗಿದೆ?

ಎರಡನೆಯ ಪ್ರಶ್ನೆಗೆ "ಹೌದು, ಡೆಂಗಿ ಬಂದಿತ್ತು", "ಹೆರಿಗೆ ಆಯಿತು", "ಆಪರೇಷನ್ ಆಯಿತು", "ಹಟಕ್ಕೆ ಬಿದ್ದು ಹತ್ತು ಕೆ.ಜಿ. ಇಳಿಸಿದೆ" ಅಂತ ಉತ್ತರ ಬಂದರೆ, ಅದು ಬಹುಪಾಲು ಟೆಲೋಜೆನ್ ಎಫ್ಲುವಿಯಮ್. ಹೆಸರು ದೊಡ್ಡದು, ವಿಷಯ ಸಣ್ಣದು. ಮೈಗೆ ಪೆಟ್ಟು ಬಿದ್ದಾಗ ಬಹಳಷ್ಟು ಬುಡಗಳು ಒಟ್ಟಿಗೆ ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ. ಮೂರು ತಿಂಗಳು ಕಳೆದು ಕೂದಲೆಲ್ಲ ಒಟ್ಟಿಗೆ ಬೀಳುತ್ತದೆ. ಬಾಣಂತಿಯರ ಕೂದಲು ಮಗುವಿಗೆ ಮೂರು ತಿಂಗಳಾದಾಗ ಉದುರುವುದು ಇದೇ ಲೆಕ್ಕ. "ಮಗು ಮುಖ ನೋಡಿ ನಗಕ್ಕೆ ಶುರು ಮಾಡಿದ್ರೆ ತಾಯಿ ಕೂದಲು ಉದುರುತ್ತೆ" ಅಂತ ಹಳಬರು ಹೇಳುವುದೂ ಆ ಹೊತ್ತನ್ನೇ ನೋಡಿ. ಕಾರಣ ಸರಿಹೋಗಿದ್ದರೆ ಇದು ಆರು ತಿಂಗಳಲ್ಲಿ ಹೆಚ್ಚಾಗಿ ತಾನೇ ನಿಲ್ಲುತ್ತದೆ. ಬುಡ ಗಟ್ಟಿಯಾಗಿದೆ, ಕೂಳೆ ಬಂದೇ ಬರುತ್ತದೆ.

ಎಚ್ಚರಿಕೆ ಇಲ್ಲೇ ಬೇಕು. ತಾನಾಗಿ ವಾಪಸ್ ಬರುವ ಕೂದಲಿಗೆ ನಾಲ್ಕು ಸಲ ಚುಚ್ಚಿದರೆ ಹೆಸರು ಚುಚ್ಚಿದವರಿಗೆ ಹೋಗುತ್ತದೆ. ಮಳೆ ಬಂದ ದಿನ ಗದ್ದೆಗೆ ನೀರು ಹಾಯಿಸಿ "ಬೆಳೆ ನನ್ನದು" ಅಂದ ಹಾಗೆ.

ಎರಡನೆಯದು ವಂಶದಿಂದ ಬರುವ ತೆಳುವಾಗುವಿಕೆ. ಗಂಡಸರಿಗೆ ಹಣೆಯ ಎರಡು ಮೂಲೆ ಮತ್ತು ನೆತ್ತಿಯ ಸುಳಿ. ಹೆಂಗಸರಿಗೆ ಬೈತಲೆ ಅಗಲವಾಗುತ್ತಾ ಹೋಗುತ್ತದೆ, ಮುಂದಲೆಯ ಅಂಚು ಹಾಗೇ ಉಳಿಯುತ್ತದೆ. ಗಂಡಸರಲ್ಲಿ ಡಿಎಚ್‌ಟಿ ಅನ್ನುವ ಹಾರ್ಮೋನಿನ ಕೈವಾಡ ಇದರಲ್ಲಿ ದೊಡ್ಡದು. ಟೆಸ್ಟೋಸ್ಟೆರಾನ್ ಮಾರ್ಪಟ್ಟು ಆಗುವ ವಸ್ತು ಅದು. ಅದು ಬುಡದ ಗುಬಟಿಗೆ ತಗುಲಿ, ಟಿಜಿಎಫ್-ಬೀಟಾದಂಥ 'ನಿಲ್ಲಿಸು' ಸಂದೇಶಗಳನ್ನು ಹೊರಡಿಸುತ್ತದೆ. ಬೆಳೆಯುವ ಕಾಲ ಕಡಿಮೆಯಾಗುತ್ತದೆ. ಪ್ರತಿ ಕೂಳೆಯೂ ಹಿಂದಿನದಕ್ಕಿಂತ ಸಣಕಲು. ಕೊನೆಗೆ ಕಣ್ಣಿಗೆ ಕಾಣದ ನವಿರಾಗಿ ಉಳಿಯುತ್ತದೆ. ಗ್ರೋತ್ ಫ್ಯಾಕ್ಟರ್ ಚುಚ್ಚುಮದ್ದಿಗೆ ಅಲ್ಪಸ್ವಲ್ಪ ಅರ್ಥ ಇರುವುದು ಹೆಚ್ಚಾಗಿ ಈ ಬಗೆಯಲ್ಲಿ, ಅದೂ ಕೂದಲು ಸಣ್ಣಗಾಗಿದ್ದು ಬುಡ ಇನ್ನೂ ಬದುಕಿರುವ ಹಂತದಲ್ಲಿ.

ಮೂರನೆಯದು ದುಂಡಗೆ, ನಾಣ್ಯದ ಹಾಗೆ ಕೂದಲು ಹೋಗುವುದು. "ಹುಳ ತಿಂದಿದೆ" ಅಂತಾರೆ. ಹುಳ ಏನೂ ಇಲ್ಲ. ಅಲೋಪೀಶಿಯಾ ಏರಿಯೇಟಾ ಆಗಿದ್ದರೆ ನಮ್ಮ ಮೈಯ ರಕ್ಷಣಾ ಪಡೆಯೇ ಬುಡದ ಮೇಲೆ ದಾಳಿ ಮಾಡಿರುತ್ತದೆ. ಅದರ ಚಿಕಿತ್ಸೆ ಬೇರೆ. ಮಕ್ಕಳಲ್ಲಿ ಹೊಟ್ಟು, ತುರಿಕೆ ಜೊತೆಗೆ ಹೀಗಾದರೆ ಶಿಲೀಂಧ್ರದ ಸೋಂಕು, ಅಂದರೆ ಫಂಗಸ್ ಇರಬಹುದು. ಅದಕ್ಕೆ ಮಾತ್ರೆ ಬೇಕು, ಬರೀ ಎಣ್ಣೆ ಹಚ್ಚಿ ಕಾಯಬೇಡಿ.

ಕೊನೆಯದು ಅಪಾಯದ ಬಗೆ. ಜಾಗ ನುಣುಪಾಗಿ ಹೊಳೆಯುತ್ತಿದೆ, ಕೂದಲಿನ ರಂಧ್ರವೇ ಕಾಣುತ್ತಿಲ್ಲ, ಉರಿ ಅಥವಾ ನೋವಿದೆ. ಹಾಗಿದ್ದರೆ ಬುಡ ಸತ್ತು ಗಾಯದ ಕಲೆ ಕಟ್ಟುತ್ತಿದೆ ಅಂತ ಅರ್ಥ. ತಡ ಮಾಡಬೇಡಿ, ಆ ವಾರವೇ ತೋರಿಸಿ. ಸತ್ತ ಬುಡಕ್ಕೆ ಯಾವ ಸಂದೇಶ ಕಳಿಸಿದರೂ ಕೇಳುವವರಿಲ್ಲ.

ಬಿಗಿ ಜಡೆಯನ್ನೂ ಮರೆಯಬೇಡಿ. ವರ್ಷಗಟ್ಟಲೆ ಎಳೆದು ಕಟ್ಟಿ, ಮೇಲೆ ಮೊಳಗಟ್ಟಲೆ ಮಲ್ಲಿಗೆ ಮುಡಿದರೆ ಹಣೆಯ ಪಕ್ಕದ ಕೂದಲು ಎಳೆತಕ್ಕೇ ಹೋಗುತ್ತದೆ. ಇದಕ್ಕೆ ಮೊದಲ ಮದ್ದು ಜಡೆ ಸಡಿಲ ಮಾಡುವುದು. ಖರ್ಚಿಲ್ಲ.

ಜನ ಹೆದರುವ ಇನ್ನೊಂದು ವಿಷಯ: ಬಿದ್ದ ಕೂದಲಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ "ಬೇರು ಸಮೇತ ಬಂತು" ಅಂತಾರೆ. ಅದು ಬೇರಲ್ಲ. ಕೆಲಸ ಮುಗಿಸಿದ ಕೂದಲಿನ ತುದಿ ಹಾಗೇ ಕಾಣುವುದು. ಕೂಳೆ ಬರುವ ಬುಡ ಒಳಗೇ ಇದೆ.

ಹಂತ 2: ರಕ್ತ ಪರೀಕ್ಷೆ, ಆದರೆ ಅಂಗಡಿ ಪಟ್ಟಿ ಅಲ್ಲ

ಐವತ್ತು ಅರವತ್ತು ಟೆಸ್ಟುಗಳ 'ಹೇರ್ ಪ್ಯಾಕೇಜ್' ಮಾರುತ್ತಾರೆ. ಅಷ್ಟು ಬೇಕಿಲ್ಲ. ಡಾಕ್ಟರ್ ಸಾಮಾನ್ಯವಾಗಿ ಕೇಳುವುದು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಥೈರಾಯ್ಡ್‌ಗೆ ಟಿಎಸ್‌ಎಚ್. ಬೇಕೆನಿಸಿದರೆ ವಿಟಮಿನ್ ಡಿ ಮತ್ತು ಬಿ12. ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು, ಮೊಡವೆ ಇರುವ ಹೆಣ್ಣುಮಕ್ಕಳಿಗೆ ಹಾರ್ಮೋನ್ ಟೆಸ್ಟು.

ಲ್ಯಾಬಿನವನಾಗಿ ಮೂರು ಮಾತು.

ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ ಕೆಳಗಿರಬಹುದು. ಕಣಜ ಖಾಲಿಯಾಗುವುದು ಮೊದಲು, ಅಡುಗೆಮನೆ ಡಬ್ಬ ಖಾಲಿಯಾಗುವುದು ಆಮೇಲೆ. ರಿಪೋರ್ಟಿನಲ್ಲಿ 'ನಾರ್ಮಲ್' ಅಂತ ಇದ್ದರೂ ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳೇ ಏರಿ ಕೂರುತ್ತದೆ. ವಾಸಿಯಾದ ಮೇಲೆ ಮಾಡಿಸಿ.

ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲೇ ತಿಳಿಸಿ. ಜಾಸ್ತಿ ಡೋಸಿನ ಬಯೋಟಿನ್ ಥೈರಾಯ್ಡ್ ಟೆಸ್ಟನ್ನೂ, ಹೃದಯಾಘಾತಕ್ಕೆ ಮಾಡುವ ಟ್ರೋಪೋನಿನ್ ಟೆಸ್ಟನ್ನೂ ತಪ್ಪು ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ನಮ್ಮಲ್ಲಿ ಎಷ್ಟು ಜನ ಕೇಳಿ ರಕ್ತ ತೆಗೆಯುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಒಂದೇ ಒಂದು ಉದಾಹರಣೆ. ಚುಚ್ಚುಮದ್ದಿನ ನಾಲ್ಕು ಸಲ ಮುಗಿಸಿ, ಏನೂ ಆಗಲಿಲ್ಲ ಅಂತ ಬೇಜಾರಾಗಿ ಒಬ್ಬ ಹೆಣ್ಣುಮಗಳು ನಮ್ಮ ಲ್ಯಾಬಿಗೆ ಬಂದಿದ್ದರು. ಹಿಮೋಗ್ಲೋಬಿನ್ 8 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಅಷ್ಟು ದಿನ ಅವರ ರಕ್ತ ತೆಗೆದು ತಿರುಗಿಸಿದವರು ಅದೇ ರಕ್ತವನ್ನು ಒಂದು ಸಲವೂ ಪರೀಕ್ಷೆ ಮಾಡಿರಲಿಲ್ಲ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಮುದ್ದೆ, ಬಸ್ಸಾರು, ಹುರುಳಿಕಾಳು, ಮೊಟ್ಟೆ, ತಿನ್ನುವವರಿಗೆ ಮಾಂಸ, ಎಲ್ಲ ಒಳ್ಳೆಯದೇ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿ. ಊಟದ ಬೆನ್ನಲ್ಲೇ ಕಾಫಿ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಡಿ. ಕಬ್ಬಿಣ ಬಹಳ ಕಡಿಮೆ ಇದ್ದರೆ ಊಟ ಒಂದರಿಂದಲೇ ತುಂಬುವುದಿಲ್ಲ, ಮಾತ್ರೆ ಬೇಕಾಗುತ್ತದೆ.

ಹಂತ 3: ತೋರಿಸುವುದು ಯಾರಿಗೆ?

ಚರ್ಮರೋಗ ತಜ್ಞರಿಗೆ. ಬೋರ್ಡಿನಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ, ಚರ್ಮರೋಗ ಅಂತ ಇರಬೇಕು. 'ಕಾಸ್ಮೆಟಾಲಜಿಸ್ಟ್', 'ಟ್ರೈಕಾಲಜಿಸ್ಟ್' ಅಂತ ಮಾತ್ರ ಬರೆದಿದ್ದರೆ ಎಂಬಿಬಿಎಸ್ ಆಗಿದೆಯಾ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಇದೆಯಾ ಅಂತ ಕೇಳಿ. ಕೇಳುವುದು ಮರ್ಯಾದೆಗೇಡಲ್ಲ. ಖಾಸಗಿ ಕ್ಲಿನಿಕ್ ಆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು, ಆ ಪತ್ರ ಕಣ್ಣಿಗೆ ಕಾಣುವಂತೆ ಹಾಕಿರಬೇಕು. ಜನ ಅದನ್ನು ಕೆಪಿಎಂಇ ಸರ್ಟಿಫಿಕೇಟ್ ಅಂತಾರೆ.

ದುಬಾರಿ ಕ್ಲಿನಿಕ್ಕೇ ಆಗಬೇಕಿಲ್ಲ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ. ಇವೆಲ್ಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಕ್ಯೂ ನಿಲ್ಲಬೇಕು, ಬೆಳಗ್ಗೆ ಬೇಗ ಹೋಗಿ. ಪ್ಯಾಕೇಜ್ ಮಾರುವ ಆತುರ ಅಲ್ಲಿ ಕಡಿಮೆ. ಅದಕ್ಕೇ ಹೇಳುತ್ತಿದ್ದೇನೆ.

ಡಾಕ್ಟರ್ ನಿಮ್ಮ ತಲೆಯನ್ನು ಕೈಯಿಂದ ಮುಟ್ಟಿ, ಡರ್ಮಾಸ್ಕೋಪ್ ಅನ್ನುವ ಭೂತಗನ್ನಡಿಯಲ್ಲಿ ನೋಡಬೇಕು. ಐವತ್ತು ಅರವತ್ತು ಕೂದಲು ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ. ಐದಾರಕ್ಕಿಂತ ಜಾಸ್ತಿ ಕೈಗೆ ಬಂದರೆ ಉದುರುವಿಕೆ ಜೋರಾಗಿದೆ ಅಂತ. ತಲೆಯನ್ನೇ ನೋಡದೆ ರೇಟು ಹೇಳುವ ಜಾಗದಿಂದ ಎದ್ದು ಬನ್ನಿ.

ಹಂತ 4: ಏನೇನು ಮಾರುತ್ತಾರೆ, ಯಾವುದು ಏನು

*ಗ್ರೋತ್ ಫ್ಯಾಕ್ಟರ್ ಸೀರಮ್ ಬಾಟಲಿ.* ಇದರ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಚರ್ಮ ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಕಣಗಳನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಡಾಲ್ಟನ್ ಅಂದರೆ ಅಣುಗಳ ತೂಕ ಅಳೆಯುವ ಮಾಪು. ಚಿಕ್ಕದು ಅನ್ನಿಸಿಕೊಂಡ ಇಜಿಎಫ್ ಕೂಡ 6,000 ಡಾಲ್ಟನ್ ಇದೆ. ಸೂಜಿ ಕಣ್ಣಿನಲ್ಲಿ ಹಗ್ಗ ತೂರಿಸಿದ ಹಾಗೆ. ಅದನ್ನು ಒಳಗೆ ಕಳಿಸಲು ಮನೆಯಲ್ಲೇ ಮುಳ್ಳಿನ ರೋಲರ್ ಉಜ್ಜಿಕೊಳ್ಳುವವರಿದ್ದಾರೆ. ಬೇಡ, ಸೋಂಕಾಗುತ್ತದೆ. ಒಂದೇ ರೋಲರನ್ನು ಅಣ್ಣ ತಮ್ಮ ಹಂಚಿಕೊಳ್ಳುವುದಂತೂ ಬೇಡವೇ ಬೇಡ.

*ಮಿನಾಕ್ಸಿಡಿಲ್.* ಇದು ಗ್ರೋತ್ ಫ್ಯಾಕ್ಟರ್ ಅಲ್ಲ. ಬಿ.ಪಿ. ಮಾತ್ರೆಯಾಗಿ ಹುಟ್ಟಿ, ತಿಂದವರಿಗೆ ಮೈಯೆಲ್ಲ ಕೂದಲು ಬಂದಿದ್ದರಿಂದ ತಲೆಗೆ ಹಚ್ಚುವ ಮದ್ದಾಯಿತು. ಇದರ ಕಣ ಚಿಕ್ಕದು, ಚರ್ಮ ದಾಟುತ್ತದೆ. ಬುಡದ ಜೀವಕೋಶಗಳಲ್ಲಿ ವಿಇಜಿಎಫ್ ಹೆಚ್ಚಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅಂದರೆ ನಮ್ಮ ನೀರುಗಂಟಿಯನ್ನೇ ಎಬ್ಬಿಸುವ ಕೆಲಸ. ವಂಶದ ತೆಳುವಾಗುವಿಕೆಗೆ ಡಾಕ್ಟರ್ ಮೊದಲು ಹೇಳುವುದು ಸಾಮಾನ್ಯವಾಗಿ ಇದನ್ನೇ. ಹಚ್ಚಲು ಶುರು ಮಾಡಿದ ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ ಉದುರಬಹುದು, ಹಳೆಯದನ್ನು ತಳ್ಳಿ ಹೊಸದು ಬರುತ್ತಿರುತ್ತದೆ. ಅಲ್ಲೇ ಹೆದರಿ ಬಿಡುವವರೇ ಜಾಸ್ತಿ. ಬಿಟ್ಟರೆ ಕೆಲವು ತಿಂಗಳಲ್ಲಿ ಬಂದದ್ದು ಹೋಗುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮನೆಯಲ್ಲಿ ಬೆಕ್ಕಿದ್ದರೆ ಹುಷಾರು, ಬೆಕ್ಕಿಗೆ ಇದು ವಿಷ. ದಿಂಬಿನ ಮೇಲೆ ಬಿದ್ದದ್ದನ್ನು ನೆಕ್ಕಿದರೂ ಅಪಾಯ.

*ಫಿನಾಸ್ಟರೈಡ್.* ಗಂಡಸರ ಮಾತ್ರೆ. ಡಿಎಚ್‌ಟಿ ತಯಾರಾಗುವುದನ್ನೇ ತಗ್ಗಿಸುತ್ತದೆ. ಕೆಲವರಿಗೆ ಲೈಂಗಿಕ ತೊಂದರೆ, ಮಂಕು ಬರಬಹುದು. ಡಾಕ್ಟರ್ ಜೊತೆ ಕೂತು ಮಾತಾಡಿಯೇ ಶುರು ಮಾಡಿ. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು.

*ಪಿಆರ್‌ಪಿ.* ಪ್ಲೇಟ್‌ಲೆಟ್ ಜಾಸ್ತಿ ಇರುವ ಪ್ಲಾಸ್ಮಾ. ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ತಲೆಗೆ ಚುಚ್ಚುವುದು. ಡೆಂಗಿ ಕಾಲದಲ್ಲಿ ನಾವೆಲ್ಲ ದಿನಾ ಎಣಿಸುತ್ತಿದ್ದೆವಲ್ಲ, ಅದೇ ಪ್ಲೇಟ್‌ಲೆಟ್. ಅದರೊಳಗಿನ ಪುಟ್ಟ ಚೀಲಗಳಲ್ಲಿ ಪಿಡಿಜಿಎಫ್, ವಿಇಜಿಎಫ್, ಇಜಿಎಫ್ ಎಲ್ಲ ತುಂಬಿರುತ್ತವೆ. ಗಾಯವಾದಾಗ ರಿಪೇರಿಗೆ ಕರೆಯಲು ಮೈ ಇಟ್ಟುಕೊಂಡ ಸಂದೇಶಗಳು. ಟಿಜಿಎಫ್-ಬೀಟಾ ಕೂಡ ಅದೇ ಚೀಲದಲ್ಲಿದೆ ಅನ್ನುವುದು ನೆನಪಿರಲಿ. ಎತ್ತು ಅನ್ನುವವರೂ ಮುಚ್ಚು ಅನ್ನುವವರೂ ಒಂದೇ ಬಸ್ಸಿನಲ್ಲಿ ಬರುತ್ತಾರೆ. ವಂಶದ ತೆಳುವಾಗುವಿಕೆಯಲ್ಲಿ ಇದರಿಂದ ಕೂದಲು ಸ್ವಲ್ಪ ದಟ್ಟವಾಗುತ್ತದೆ ಅಂತ ಹಲವು ಅಧ್ಯಯನಗಳಿವೆ. ಬಹುಪಾಲು ಸಣ್ಣವು, ಒಬ್ಬೊಬ್ಬರ ವಿಧಾನವೂ ಬೇರೆ.

*ಜಿಎಫ್‌ಸಿ.* ಪಿಆರ್‌ಪಿಯ ತಮ್ಮ. ವಿಶೇಷ ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳನ್ನು ಮೊದಲೇ ಕೆರಳಿಸಿ, ಹೊರಬಂದ ಗ್ರೋತ್ ಫ್ಯಾಕ್ಟರ್ ನೀರನ್ನು ಮಾತ್ರ ಚುಚ್ಚುತ್ತಾರೆ. ನೋವು, ಊತ ಕಡಿಮೆ ಅಂತಾರೆ. ದರ ಜಾಸ್ತಿ. ದರ ಜಾಸ್ತಿ ಅಂದಮೇಲೆ ಫಲವೂ ಅಷ್ಟೇ ಜಾಸ್ತಿ ಅಂತ ಲೆಕ್ಕ ಹಾಕಬೇಡಿ.

*ಎಕ್ಸೋಸೋಮ್.* ಈಗಿನ ಫ್ಯಾಷನ್. ಬೇರೆ ಕಡೆಯ ಜೀವಕೋಶಗಳಿಂದ ತೆಗೆದ ಅತಿ ಸಣ್ಣ ಚೀಲಗಳು. ಅಮೆರಿಕದ ಎಫ್‌ಡಿಎ ಇದನ್ನು ಕೂದಲಿಗೆ ಒಪ್ಪಿಲ್ಲ. ನಾನಾಗಿದ್ದರೆ ದೂರ ಇರುತ್ತೇನೆ.

ಇನ್ನು ಎಣ್ಣೆ. ಹುಣಸೂರು ಕಡೆಯ ಎಣ್ಣೆಯಿಂದ ಹಿಡಿದು ಅಜ್ಜಿ ಕಾಯಿಸಿದ ದಾಸವಾಳದ ಎಣ್ಣೆವರೆಗೆ ಎಲ್ಲದರ ಬಗ್ಗೆಯೂ ಕೇಳುತ್ತಾರೆ. ಎಣ್ಣೆ ಹೊರಗಿನ ಕೂದಲನ್ನು ನುಣುಪು ಮಾಡುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ. ಅಷ್ಟಕ್ಕೆ ಹಚ್ಚಿ. ಬೋರ್‌ವೆಲ್ಲಿನ ಗಡಸು ನೀರೂ ಹಾಗೇ, ಕೂದಲನ್ನು ಒರಟು ಮಾಡಬಹುದು, ವಂಶದ ಬೊಕ್ಕತಲೆ ತರುವುದಿಲ್ಲ. ಮಾದಪ್ಪನ ಬೆಟ್ಟದಲ್ಲೋ ನಂಜನಗೂಡಿನಲ್ಲೋ ಮುಡಿ ಕೊಟ್ಟರೆ ದಟ್ಟ ಬರುತ್ತದೆ ಅನ್ನುವುದೂ ಕಣ್ಣಿನ ಮೋಸ. ಕತ್ತರಿಸಿದ ತುದಿ ಮೊಂಡಾಗಿ ದಪ್ಪ ಅನ್ನಿಸುತ್ತದೆ. ಹರಕೆ ಇದ್ದರೆ ಕೊಡಿ, ಕೂದಲಿಗಾಗಿ ಬೇಡ.

ಹಂತ 5: ಪಿಆರ್‌ಪಿ ಅಥವಾ ಜಿಎಫ್‌ಸಿ ಅಂತ ತೀರ್ಮಾನವಾದರೆ, ಹಿಂದಿನ ವಾರ

ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ಮೈಕ್ರೋಲೀಟರಿಗೆ 1.5 ಲಕ್ಷದಿಂದ 4.5 ಲಕ್ಷ ಸರಿಯಾದ ಅಳತೆ. ಕಡಿಮೆ ಇದ್ದರೆ ತಿರುಗಿಸಿದರೂ ಪ್ರಯೋಜನ ಇಲ್ಲ.

ಬ್ರೂಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅವು ಪ್ಲೇಟ್‌ಲೆಟ್ ಕೈ ಕಟ್ಟಿಹಾಕುತ್ತವೆ. ಹೃದಯಕ್ಕೆ ಅಂತ ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ಕೂದಲಿಗೋಸ್ಕರ ಹೃದಯ ಪಣಕ್ಕಿಡುವುದಾ? ಕೊಟ್ಟ ಡಾಕ್ಟರನ್ನೇ ಕೇಳಿ.

ಗರ್ಭಿಣಿಯರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ರಕ್ತದ ಕಾಯಿಲೆ ಇರುವವರಿಗೆ, ತಲೆಯಲ್ಲಿ ಕೀವು ಗುಳ್ಳೆ ಇರುವವರಿಗೆ ಇದು ಬೇಡ.

ಹಿಂದಿನ ರಾತ್ರಿ ಬಾಡೂಟ ಬೇಡ. ಬೆಳಗ್ಗೆ ಬೆಣ್ಣೆ ದೋಸೆಯೂ ಬೇಡ. ಜಿಡ್ಡು ತಿಂದು ಬಂದವರ ಪ್ಲಾಸ್ಮಾ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬರುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಂತ ಪೂರ್ತಿ ಉಪವಾಸವೂ ಬೇಡ, ತಲೆ ಸುತ್ತುತ್ತದೆ. ಎರಡು ಇಡ್ಲಿ ತಿನ್ನಿ, ಚೆನ್ನಾಗಿ ನೀರು ಕುಡಿಯಿರಿ, ತಲೆ ತೊಳೆದು ಎಣ್ಣೆ ಹಚ್ಚದೆ ಹೋಗಿ.

ಹಂತ 6: ಆ ದಿನ, ಕಣ್ಣು ಬಿಟ್ಟು ನೋಡಬೇಕಾದದ್ದು

ತೋಳಿನಿಂದ ರಕ್ತ ತೆಗೆಯುತ್ತಾರೆ. ಹೆಚ್ಚಾಗಿ 10ರಿಂದ 20 ಎಂ.ಎಲ್., ಕೆಲವು ಕಿಟ್‌ಗಳಿಗೆ ಇನ್ನೂ ಜಾಸ್ತಿ. ಟ್ಯೂಬಿನಲ್ಲಿ ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುತ್ತದೆ. ಅದನ್ನು ಸೆಂಟ್ರಿಫ್ಯೂಜ್ ಅನ್ನುವ ಯಂತ್ರದಲ್ಲಿ ತಿರುಗಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾಗುವ ಹಾಗೆ, ಭಾರದ ಕೆಂಪು ಕಣಗಳು ತಳಕ್ಕೆ ಹೋಗುತ್ತವೆ. ಮೇಲೆ ಹಳದಿ ಪ್ಲಾಸ್ಮಾ. ನಡುವೆ ಕಾಗದದಷ್ಟು ತೆಳುವಾದ ಬಿಳಿ ಪದರ. ಪ್ಲೇಟ್‌ಲೆಟ್‌ಗಳು ಸೇರಿಕೊಳ್ಳುವುದು ಆ ಪದರದ ಆಸುಪಾಸಿನಲ್ಲಿ. ಹೆಚ್ಚಿನವರು ಕೆಂಪು ಬಿಟ್ಟು ಉಳಿದದ್ದನ್ನು ಎರಡನೇ ಸಲ ತಿರುಗಿಸಿ ತಳದ ಭಾಗ ಮಾತ್ರ ತೆಗೆಯುತ್ತಾರೆ.

ಈಗ ನೀವು ಗಮನಿಸಬೇಕಾದದ್ದು:

ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆದಿದ್ದಾರಾ? ಒಂದೇ ದಿನ ಐದು ಜನರ ರಕ್ತ ತಿರುಗುತ್ತಿದ್ದರೆ ಇದು ಜೀವದ ಪ್ರಶ್ನೆ. ಬೇರೆಯವರ ರಕ್ತ ನಿಮ್ಮ ತಲೆಗೆ ಹೋದರೆ ಹೆಪಟೈಟಿಸ್, ಎಚ್‌ಐವಿ ಯಾವುದು ಬೇಕಾದರೂ ಬರಬಹುದು. ಹೆಸರು ನಿಮ್ಮ ಕಣ್ಣೆದುರೇ ಬರೆಯಲಿ.

ಕಿಟ್ ಸೀಲ್ ನಿಮ್ಮೆದುರು ಒಡೆದರಾ? ರಕ್ತ ಪರೀಕ್ಷೆಗೆ ಅಂತ ಮಾಡಿದ ಟ್ಯೂಬ್ ಬೇರೆ, ತಿರುಗಿಸಿ ಮತ್ತೆ ಮೈಗೆ ಚುಚ್ಚಲು ಮಾಡಿದ ಕಿಟ್ ಬೇರೆ. ನಾವು ಸಿಬಿಸಿಗೆ ಬಳಸುವ ನೇರಳೆ ಮುಚ್ಚಳದ ಟ್ಯೂಬು, ಜೆಲ್ ಇರುವ ಹಳದಿ ಮುಚ್ಚಳದ ಟ್ಯೂಬು ಎಲ್ಲ ಪರೀಕ್ಷೆಗೆ ಮಾತ್ರ. ದುಡ್ಡು ಉಳಿಸಲು ಅದರಲ್ಲೇ ಕೆಲಸ ಮುಗಿಸುವವರಿದ್ದಾರೆ. "ಇದು ಪಿಆರ್‌ಪಿ ಕಿಟ್ಟೇನಾ? ಡಬ್ಬ ತೋರಿಸಿ" ಅನ್ನಿ. ಸೂಜಿ, ಸಿರಿಂಜೂ ಹೊಸದೇ ಇರಬೇಕು.

ಸಿರಿಂಜಿನಲ್ಲಿ ಬಣ್ಣ ನೋಡಿ. ಎಳೆ ಹಳದಿ ಇರಬೇಕು, ಒಂಚೂರು ಗುಲಾಬಿ ಛಾಯೆ ಇದ್ದರೆ ಪರವಾಗಿಲ್ಲ. ಕೆಂಪಗಿದ್ದರೆ ಕೆಂಪು ಕಣ ಜಾಸ್ತಿ ಸೇರಿದೆ, ಊತ ನೋವು ಜಾಸ್ತಿಯಾಗುತ್ತದೆ.

ಪ್ಲೇಟ್‌ಲೆಟ್ ಎಷ್ಟು ಪಟ್ಟು ಹೆಚ್ಚಾಗಿದೆ ಅಂತ ಕೇಳಿ. ಸಾಮಾನ್ಯವಾಗಿ 3ರಿಂದ 5 ಪಟ್ಟು ಅಂತ ಗುರಿ ಇಟ್ಟುಕೊಳ್ಳುತ್ತಾರೆ. ಬಹಳ ಕಡೆ ಎಣಿಸುವುದೇ ಇಲ್ಲ. ಕೇಳಿದರೆ ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ.

ಚುಚ್ಚುವುದು ಡಾಕ್ಟರಾ, ಸಹಾಯಕರಾ? ಡಾಕ್ಟರೇ ಚುಚ್ಚಲಿ. ತಲೆಯ ಚರ್ಮಕ್ಕೆ ಸಣ್ಣ ಸೂಜಿಯಲ್ಲಿ ಹತ್ತಾರು ಕಡೆ ಚುಚ್ಚುತ್ತಾರೆ. ಮರಗಟ್ಟುವ ಮದ್ದು ಹಚ್ಚಿದರೂ ನೋವಿರುತ್ತದೆ. "ಇರುವೆ ಕಚ್ಚಿದಂತೆ" ಅಂತ ಹೇಳುವುದು ಸೌಜನ್ಯಕ್ಕೆ.

ಹಂತ 7: ಆಮೇಲೆ

ಅವತ್ತು ತಲೆ ತೊಳೆಯಬೇಡಿ. ಒಂದೆರಡು ದಿನ ಬಿಸಿಲು, ಜಿಮ್, ಡೈ ಬೇಡ. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ ಹಾಕಲೇಬೇಕು, ಒಳಗೆ ಒಗೆದ ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಹಣೆ ಊದಿಕೊಂಡರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಜ್ವರ, ಕೀವು, ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಅಥವಾ ನಾಲ್ಕು ಸಲ. ಫಲ ಸಿಕ್ಕರೆ ಆರೇಳು ತಿಂಗಳಿಗೊಮ್ಮೆ ಮತ್ತೆ. ಇದನ್ನು ಯಾರೂ ಮೊದಲ ದಿನ ಜೋರಾಗಿ ಹೇಳುವುದಿಲ್ಲ. ಪ್ಲೇಟ್‌ಲೆಟ್ ತನ್ನ ಸಂದೇಶಗಳಲ್ಲಿ ಹೆಚ್ಚಿನ ಪಾಲನ್ನು ಮೊದಲ ಒಂದು ಗಂಟೆಯಲ್ಲೇ ಕೊಟ್ಟುಬಿಡುತ್ತದೆ. ಡಿಎಚ್‌ಟಿ ಮಾತ್ರ ದಿನಾ ತಯಾರಾಗುತ್ತಲೇ ಇರುತ್ತದೆ. ಹಾಗಾಗಿ ಚುಚ್ಚುಮದ್ದು ಒಂದನ್ನೇ ನಂಬಿ ಡಾಕ್ಟರ್ ಕೊಟ್ಟ ಮಿನಾಕ್ಸಿಡಿಲ್ ನಿಲ್ಲಿಸಬೇಡಿ. ದುಡ್ಡಿನ ಮಾತು ಆಡುವಾಗಲೂ ಒಂದು ಸಲದ ದರ ಕೇಳಬೇಡಿ, ಎರಡು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ.

ಫಲ ಅಳೆಯುವುದು ಹೇಗೆ? ಕನ್ನಡಿ ನಂಬಬೇಡಿ. ಮೊದಲ ಚುಚ್ಚುವಿಕೆಗೆ ಮುಂಚೆ ನಾಲ್ಕು ಫೋಟೋ: ಹಣೆ, ನೆತ್ತಿ, ಎರಡು ಪಕ್ಕ. ಕೂದಲು ಒಣಗಿರಬೇಕು, ಎಣ್ಣೆ ಇರಬಾರದು. ಅದೇ ಕಿಟಕಿ, ಅದೇ ಹೊತ್ತು, ಅದೇ ಬೈತಲೆ. ತಿಂಗಳಿಗೊಮ್ಮೆ ಇದೇ ನಾಲ್ಕು. ಕ್ಲಿನಿಕ್ಕಿನವರು ತೆಗೆಯುವ ಮೊದಲ ಫೋಟೋದಲ್ಲಿ ಬೆಳಕು ನೇರ ನೆತ್ತಿಗೆ, ಕೊನೆಯದರಲ್ಲಿ ಕೂದಲು ಬಾಚಿ ಬೆಳಕು ತಗ್ಗಿಸಿರುತ್ತಾರೆ. ಇದು ಹಳೇ ಆಟ.

ಮೂರು ತಿಂಗಳಿಗೆ ಮೊದಲು ತೀರ್ಪು ಕೊಡಬೇಡಿ. ಸುಮ್ಮನಿರುವ ಬುಡ ಏಳಲು ಅಷ್ಟು ದಿನ ಬೇಕು, ಎದ್ದ ಕೂದಲು ಒಂದೆರಡು ಸೆಂಟಿಮೀಟರ್ ಆಗಿ ಕಣ್ಣಿಗೆ ಬೀಳಲು ಇನ್ನೂ ಎರಡು ತಿಂಗಳು. ಆರನೇ ತಿಂಗಳು ಮೊದಲ ಫೋಟೋ, ಕೊನೆಯ ಫೋಟೋ ಪಕ್ಕ ಪಕ್ಕ ಇಟ್ಟು ನಿಮ್ಮ ಮುಲಾಜಿಲ್ಲದ ಒಬ್ಬರಿಗೆ ತೋರಿಸಿ. ಯಾವುದು ಮೊದಲಿನದು ಅಂತ ಹೇಳಬೇಡಿ. ಅವರಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಮುಂದಿನ ಕಂತು ಕಟ್ಟಬೇಡಿ. ಫೋಟೋಗಳ ಸಮೇತ ಡಾಕ್ಟರ್ ಹತ್ತಿರ ಹೋಗಿ, ಇನ್ನು ಬೇರೆ ಏನಿದೆ ಅಂತ ಕೇಳಿ.